ಹಳೆಯ ಕಾರಿಗೆ ಡಬಲ್ ಡಿನ್ ಸ್ಟೀರಿಯೊ: ಕಿಂಡಿ, ವೈರು, ವ್ಯಾಟ್

ಕಾರ್ ಸ್ಟೀರಿಯೊ ಕೂರುವ ಕಿಂಡಿಯ ಅಳತೆ ಜರ್ಮನಿಯ ಡಿನ್ ಮಾನಕದಿಂದ ಬಂದದ್ದು. ಇಂದು ಅದು ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನಕ. ಸಿಂಗಲ್ ಡಿನ್ ಸೆಟ್ಟಿನ ಮುಖ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಇರುತ್ತದೆ. ಡಬಲ್ ಡಿನ್‌ನಲ್ಲಿ ಅಗಲ ಅಷ್ಟೇ, ಎತ್ತರ ಮಾತ್ರ ಸುಮಾರು 100 ಮಿ.ಮೀ. ಮೊದಲ ತಲೆಮಾರಿನ ಮಾರುತಿ ಆಲ್ಟೊದಂತಹ ಕಾರುಗಳಲ್ಲಿ ಇರುವುದು ಸಿಂಗಲ್ ಡಿನ್ ಕಿಂಡಿಯಾದ್ದರಿಂದ, ದೊಡ್ಡ ಪರದೆ ಬೇಕೆಂದವರು ಡ್ಯಾಶ್‌ಬೋರ್ಡ್ ಕತ್ತರಿಸಲು ಹೊರಡುತ್ತಾರೆ. ಆದರೆ ಆ ಪ್ಲಾಸ್ಟಿಕ್ಕಿನ ಹಿಂದೆ ಏಸಿ ಗಾಳಿಯ ಕೊಳವೆ, ಹೀಟರ್ ಕೇಬಲ್ ಅಥವಾ ಕಬ್ಬಿಣದ ಪಟ್ಟಿ ಇರಬಹುದಾದ್ದರಿಂದ, ಹಳೆಯ ಸೆಟ್ ಹೊರತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡದೆ ಬ್ಲೇಡ್ ಹಿಡಿಯಬಾರದು. ಸಿಂಗಲ್ ಡಿನ್ ದೇಹದ ಮುಂದೆ ದೊಡ್ಡ ಪರದೆ ಚಾಚಿಕೊಂಡಿರುವ ಸೆಟ್ಟುಗಳೂ ಸಿಗುತ್ತವೆ. ಪರದೆಯು ಏಸಿ ಕಿಂಡಿಯನ್ನೋ ಹಜಾರ್ಡ್ ಸ್ವಿಚ್ಚನ್ನೋ ಮುಚ್ಚುವುದಿಲ್ಲವೆಂದಾದರೆ ನನ್ನ ಮತ ಅದಕ್ಕೇ.

ನಿಜವಾದ ಕೆಲಸವಿರುವುದು ವೈರುಗಳಲ್ಲಿ. ಹೊರಗಿನಿಂದ ಕೊಳ್ಳುವ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಸದಾ 12 ವೋಲ್ಟ್ ಬೇಡುತ್ತದೆ, ಕೆಂಪು ವೈರು ಕೀಲಿ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತನ್ನು ಬೇಡುತ್ತದೆ, ಕಪ್ಪು ವೈರು ಬಾಡಿ ಅರ್ಥ್‌ಗೆ, ಅಂದರೆ ಕಾರಿನ ಲೋಹದ ದೇಹಕ್ಕೆ, ಹೋಗುತ್ತದೆ. ಈ ಬಣ್ಣಗಳು ಸೆಟ್ಟಿನವೇ ಹೊರತು ಕಾರಿನವಲ್ಲ. ಕಾರಿನ ಕಡೆಯ ವೈರುಗಳನ್ನು ಬಣ್ಣ ನಂಬಿ ಜೋಡಿಸದೆ, ಕೀಲಿ ತೆಗೆದು ಒಮ್ಮೆ, ಹಾಕಿ ಒಮ್ಮೆ ಮಲ್ಟಿಮೀಟರಿನಿಂದ ಅಳೆದು ಗುರುತು ಕಟ್ಟಬೇಕು. ಅಳತೆ ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಅನಂತರವೇ ಜೋಡಣೆಗೆ ಇಳಿಯಬೇಕು. ಸುತ್ತಿದ ಇನ್ಸುಲೇಷನ್ ಟೇಪು ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ. ಬೆಸುಗೆ ಹಾಕಿ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸುವುದು ಮೇಲು.

ಕೆಲವರು ಕೆಂಪು, ಹಳದಿ ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಡುತ್ತಾರೆ. ಸೆಟ್ಟು ಹಾಡುತ್ತದೆ, ಮಾಲೀಕರು ಖುಷಿಯಾಗಿ ಹೋಗುತ್ತಾರೆ. ಆದರೆ ಕೀಲಿ ತೆಗೆದದ್ದು ಸೆಟ್ಟಿಗೆ ತಿಳಿಯುವುದೇ ಇಲ್ಲ. ಅದು ಅರ್ಧ ಆಂಪಿಯರ್ ಎಳೆಯುತ್ತಿದೆ ಎಂದಿಟ್ಟುಕೊಂಡರೆ, 35 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕಕ್ಕೆ 70 ಗಂಟೆಯಲ್ಲಿ ಪೂರ್ತಿ ಖಾಲಿ. ಸ್ಟಾರ್ಟರ್ ಅದಕ್ಕೂ ಬಹಳ ಮೊದಲೇ ಕೈಕೊಡುತ್ತದೆ.

ಸ್ಪೀಕರಿಗೆ ಬಿಳಿ ಮತ್ತು ಬೂದು ಮುಂದಿನ ಎಡ, ಬಲಕ್ಕೆ. ಹಸಿರು ಮತ್ತು ನೇರಳೆ ಹಿಂದಿನ ಎಡ, ಬಲಕ್ಕೆ. ಕಪ್ಪು ಗೆರೆಯಿರುವುದು ಅದರದರ ನೆಗೆಟಿವ್. ಇಂದಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ತುದಿಗಳನ್ನು ಆಂಪ್ಲಿಫೈಯರ್ ಚಿಪ್ಪೇ ಎದುರುಬದುರಾಗಿ ನಡೆಸುವುದರಿಂದ, ನೆಗೆಟಿವ್ ಎಂದುಕೊಂಡು ಅದನ್ನು ಬಾಡಿಗೆ ಮುಟ್ಟಿಸಿದರೆ ಚಿಪ್ ಸುಡಬಹುದು. ತೀರ ಹಳೆಯ ಕೆಲವು ಕಾರುಗಳಲ್ಲಿ ಸ್ಪೀಕರುಗಳಿಗೆ ಒಂದೇ ಅರ್ಥ್ ವೈರು ಇರುತ್ತದೆ; ಅಲ್ಲಿ ಪ್ರತಿ ಸ್ಪೀಕರಿಗೂ ಹೊಸದಾಗಿ ಎರಡೆರಡು ವೈರು ಎಳೆಯಲೇಬೇಕು.

ಇನ್ನು ಡಬ್ಬದ ಮೇಲಿನ ‘50 ವ್ಯಾಟ್ × 4’. ಎಂಜಿನ್ ಓಡುವಾಗಿನ 14.4 ವೋಲ್ಟಿನ ವರ್ಗವನ್ನು ಸ್ಪೀಕರಿನ ತಡೆಯಾದ 4 ಓಮ್‌ನಿಂದ ಭಾಗಿಸಿದರೆ 51.8 ಬರುತ್ತದೆ, ಮುದ್ರಿತ ಅಂಕಿ ಹತ್ತಿರಹತ್ತಿರ ಅದೇ. ಶುದ್ಧ ಸೈನ್ ಅಲೆಗೆ, ಅಂದರೆ ಒಂದೇ ಸ್ವರದ ನಯವಾದ ಅಲೆಗೆ, ಅದರ ಅರ್ಧ, ಅಂದರೆ ಸುಮಾರು 26 ವ್ಯಾಟ್, ಸಿದ್ಧಾಂತದ ಮಿತಿ. ಸ್ವರ ಒಡೆಯದೆ ಸಿಗುವುದು ಇನ್ನೂ ಕಡಿಮೆ. ಸೆಟ್ಟಿನ ಬೆನ್ನಿಗೆ 10 ಆಂಪಿಯರಿನ ಫ್ಯೂಸ್ ಇದ್ದರೆ, ನಿರಂತರ 200 ವ್ಯಾಟ್ ಕೊಡಲು ಸುಮಾರು 14 ಆಂಪಿಯರ್ ಬೇಕೆಂಬುದೇ ಆ ಬರಹಕ್ಕೆ ಉತ್ತರ. ಫ್ಯೂಸ್ ಹಾರಿತೆಂದು ದೊಡ್ಡದನ್ನು ಹಾಕುವಂತಿಲ್ಲ. ಅದು ಕಾಯುವುದು ವೈರನ್ನು.

ಎಲ್ಲ ಜೋಡಿಸಿದ ಮೇಲೆ ಕೀಲಿ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ತುದಿಗೂ ಅದರ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿಟ್ಟು, ಸ್ಟಾರ್ಟರ್ ಮುಟ್ಟದೆ ಕೆಲವು ನಿಮಿಷ ಕಾಯಬೇಕು. ಮೀಟರಿನ ಅಂಕಿ 50 ಮಿಲಿಆಂಪಿಯರಿಗಿಂತ ಕೆಳಗೆ ಇಳಿಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಕೆಂಪು ವೈರನ್ನೇ.