ಕನ್ನಡಕದ ಮೇಲಿನ ಆ ಹಸಿರು ಮಿಂಚು

ಕನ್ನಡಕದಂಗಡಿಯಲ್ಲಿ ಈ ಆಟ ನೀವೂ ನೋಡಿರುತ್ತೀರಿ. ಕೌಂಟರಿನ ಹುಡುಗ ಪುಟ್ಟದೊಂದು ಲೇಸರ್ ಟಾರ್ಚ್ ತೆಗೆದು ಬಿಳಿ ಕಾರ್ಡಿನ ಮೇಲೆ ಬಿಡುತ್ತಾನೆ. ಬೆಳಕು ಬಿದ್ದ ಕಡೆ ಕಾರ್ಡಿನ ಬಣ್ಣ ಬದಲಾಗುತ್ತದೆ. ಮಧ್ಯೆ ಬ್ಲೂ ಕಟ್ ಲೆನ್ಸ್ ಹಿಡಿದರೆ ಏನೂ ಆಗುವುದಿಲ್ಲ. “ನೋಡಿ ಸರ್, ಮೊಬೈಲ್ ಲೈಟೂ ಹೀಗೇ ಸ್ಟಾಪ್ ಆಗುತ್ತೆ.” ನನಗೋ ಅಲ್ಲೇ ವಾದಕ್ಕಿಳಿಯುವ ಚಟ. ಹೆಂಡತಿ ಜೊತೆಗಿದ್ದರೆ ಸುಮ್ನೆ ಇರುತ್ತೇನೆ.

ಆ ಟಾರ್ಚಿನ ಬೆಳಕಿನ ಅಲೆಯುದ್ದ ಸಾಮಾನ್ಯವಾಗಿ 405 ನ್ಯಾನೋಮೀಟರ್. ಅದು ನೇರಳೆ. ಫೋನಿನ ಪರದೆಯ ನೀಲಿ ಜಾಸ್ತಿ ಇರುವುದು 450ರ ಆಸುಪಾಸಿನಲ್ಲಿ. ನೋಡಲು ತಿಳಿಯಾಗಿರುವ ಬ್ಲೂ ಕಟ್ ಲೆನ್ಸು 405ನ್ನು ತಡೆದು, 450ರಲ್ಲಿ ಬಹುಪಾಲನ್ನು ಒಳಗೆ ಬಿಟ್ಟುಬಿಡುತ್ತದೆ. ಅದನ್ನೂ ಪೂರ್ತಿ ತಡೆದಿದ್ದರೆ ಲೆನ್ಸು ಅರಿಶಿನದ ಬಣ್ಣಕ್ಕೆ ತಿರುಗಿರುತ್ತಿತ್ತು. ಜರಡಿಯಲ್ಲಿ ಕಲ್ಲು ನಿಂತಿದ್ದನ್ನು ತೋರಿಸಿ, ಹಿಟ್ಟೂ ನಿಲ್ಲುತ್ತೆ ಅಂದ ಹಾಗಾಯಿತು, ಅಲ್ವಾ? 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಕಣ್ಣಿನ ಆಯಾಸದ ವಿಷಯದಲ್ಲಿ ಈ ಲೆನ್ಸಿಗೂ ಸಾದಾ ಲೆನ್ಸಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಕಣ್ಣು ಉರಿಯುವುದಕ್ಕೆ ಅದೇ ದೊಡ್ಡ ಕಾರಣ.

ನನ್ನ ಬೇಸರ ಬೇರೆಯೇ ಇದೆ. ಅದೇ ಲೆನ್ಸಿನಲ್ಲಿ ನಿಜವಾದ ಪವಾಡವೊಂದಿದೆ. ಹುಡುಗ ಅದನ್ನು “ಎಆರ್‌ಸಿ ಇದೆ ಸರ್” ಅಂತ ಒಂದೇ ಮಾತಿನಲ್ಲಿ ಮುಗಿಸಿ ಬಿಲ್ ಬರೆಯಲು ಹೋಗುತ್ತಾನೆ. ಅಂದರೆ ಆಂಟಿ ರಿಫ್ಲೆಕ್ಷನ್ ಕೋಟಿಂಗ್, ಬೆಳಕು ವಾಪಸ್ ಹೊಳೆಯದ ಹಾಗೆ ಲೆನ್ಸಿಗೆ ಕೂರಿಸುವ ತೆಳು ಲೇಪ.

ಈಗಲೇ ಕನ್ನಡಕ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಕೋಟಿಂಗ್ ಇಲ್ಲದಿದ್ದರೆ ಲೆನ್ಸಿನಲ್ಲಿ ಬೆಳ್ಳನೆಯ ಟ್ಯೂಬ್ ಕಾಣುತ್ತದೆ. ಇದ್ದರೆ ಮಂಕಾದ ಹಸಿರು ಟ್ಯೂಬ್. ಸಾದಾ ಪ್ಲಾಸ್ಟಿಕ್ ಲೆನ್ಸು ಒಂದೊಂದು ಮೈಯಿಂದ ಸುಮಾರು 4ರಂತೆ, ಎರಡೂ ಸೇರಿ ನೂರಕ್ಕೆ 8 ಪಾಲು ಬೆಳಕನ್ನು ವಾಪಸ್ ಕಳಿಸುತ್ತದೆ. ಪವರ್ ಜಾಸ್ತಿ ಇರುವವರು ಹಾಕಿಕೊಳ್ಳುವ ತೆಳು ಲೆನ್ಸಿನಲ್ಲಿ, ಅಂದರೆ ಬೆಳಕನ್ನು ಬಗ್ಗಿಸುವ ಅಳತೆ (ಇಂಡೆಕ್ಸ್) 1.67 ಇರುವುದರಲ್ಲಿ, ಇದು 12 ದಾಟುತ್ತದೆ. ರಾತ್ರಿ ಹಿಂದಿನ ಲಾರಿಯ ಹೆಡ್‌ಲೈಟು ಲೆನ್ಸಿನ ಒಳಮೈಗೆ ಬಡಿದು ಕಣ್ಣಿಗೆ ಬರುವುದು ಇದರಿಂದಲೇ.

ಇದಕ್ಕೆ ಮದ್ದು ಸಿಕ್ಕಿದ್ದು ಕಿಲುಬಿನಲ್ಲಿ! ಹಳೆಯದಾಗಿ ಮಬ್ಬಾದ ಗಾಜು ಹೊಸ ಗಾಜಿಗಿಂತ ಜಾಸ್ತಿ ಬೆಳಕು ದಾಟಿಸುತ್ತದೆ ಅನ್ನುವುದನ್ನು 1886ರಲ್ಲೇ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಗಮನಿಸಿದ್ದರು. ಇಂಗ್ಲೆಂಡಿನ ಲೆನ್ಸ್ ತಯಾರಕ ಡೆನಿಸ್ ಟೇಲರ್ ಇನ್ನೂ ಮುಂದೆ ಹೋಗಿ, ಹೊಸ ಗಾಜಿಗೆ ಬೇಕೆಂದೇ ಕಿಲುಬು ಹಿಡಿಸುವ ವಿಧಾನಕ್ಕೆ 1904ರಲ್ಲಿ ಪೇಟೆಂಟ್ ತೆಗೆದುಕೊಂಡರು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಕುಲ ನಿರ್ವಾತದಲ್ಲಿ ಲೇಪ ಕೂರಿಸಿದರು. ಸೇನೆ ಅದನ್ನು ಗುಟ್ಟಾಗಿಟ್ಟಿತು. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಕ್ಯಾಥರೀನ್ ಬ್ಲಾಜೆಟ್ ಸಾಬೂನಿನಂಥ ವಸ್ತುವಿನ 44 ಪದರ ಹೊದಿಸಿ ಗಾಜನ್ನೇ ಮಾಯ ಮಾಡಿದರು. ಪದರವೊಂದರ ದಪ್ಪ ಒಂದೇ ಅಣು. ಪಾಪ, ಬಟ್ಟೆಯಲ್ಲಿ ಒರೆಸಿದರೆ ಅಳಿಸಿಹೋಗುತ್ತಿತ್ತು.

ಕೆಲಸ ಮಾಡುವುದು ಹೀಗೆ. ಬೆಳಕು ಲೇಪದ ಮೇಲ್ಮೈಯಿಂದ ಒಮ್ಮೆ, ಅದರ ತಳದಿಂದ ಇನ್ನೊಮ್ಮೆ ಹಿಂದಿರುಗುತ್ತದೆ. ಲೇಪದ ದಪ್ಪ ಅಲೆಯ ಕಾಲು ಭಾಗ ಅಂತಿಟ್ಟುಕೊಳ್ಳಿ. ತಳಕ್ಕೆ ಹೋದದ್ದು ಇಳಿಯುವಾಗ ಕಾಲು, ಏರುವಾಗ ಕಾಲು, ಒಟ್ಟು ಅರ್ಧ ಅಲೆ ತಡವಾಗಿ ಬರುತ್ತದೆ. ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವುದನ್ನು ನೆನೆಯಿರಿ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯುತ್ತದೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು. ಈ ಹೋಲಿಕೆ ಅರ್ಧ ಮಾತ್ರ ಸರಿ, ಯಾಕೆಂದರೆ ಒನಕೆಗಳು ಒಂದನ್ನೊಂದು ಅಳಿಸುವುದಿಲ್ಲ. ಉಳಿದರ್ಧಕ್ಕೆ ಉಯ್ಯಾಲೆ ತನ್ನಿ. ಎದುರುಬದುರು ನಿಂತ ಇಬ್ಬರು ಒಂದೇ ಹೊತ್ತಿಗೆ, ಒಂದೇ ಬಲದಲ್ಲಿ ತಳ್ಳಿದರೆ ಅದು ಅಲುಗುವುದಿಲ್ಲ.

ಹಾಗಾದರೆ ಬೆಳಕು ಎಲ್ಲಿ ಹೋಯಿತು? ಕೋಟಿಂಗ್ ನುಂಗಿತಾ? ಇಲ್ಲ. ತೋಟದ ಕಾಲುವೆಗೆ ಒಂದು ಕಡೆ ಮಣ್ಣು ಕೊಟ್ಟರೆ ನೀರು ಇನ್ನೊಂದು ಕಡೆ ಹರಿಯುವ ಹಾಗೆ, ವಾಪಸ್ ಬರಲಾಗದ ಬೆಳಕೆಲ್ಲ ಮುಂದಕ್ಕೇ ಹೋಗುತ್ತದೆ. ಲೆನ್ಸಿನ ಮೇಲೆ ಇನ್ನೊಂದು ವಸ್ತು ಬಳಿದ ಮೇಲೆ ದಾಟುವ ಬೆಳಕು ಜಾಸ್ತಿಯಾಗುತ್ತದೆ! ಎಷ್ಟು ಸಲ ಯೋಚಿಸಿದರೂ ನನಗೆ ಇದು ಹೊಸದೇ.

ಮೆಗ್ನೀಸಿಯಂ ಫ್ಲೋರೈಡಿನ ಲೇಪವಾದರೆ ಈ ಕಾಲು ಅಲೆ ಬರೀ 100 ನ್ಯಾನೋಮೀಟರ್. ತಲೆಗೂದಲನ್ನು ಏಳುನೂರು ಸೀಳು ಮಾಡಿದರೆ ಒಂದು ಸೀಳಿನಷ್ಟು. ಆದರೆ ಆ ದಪ್ಪ ಹಸಿರು ಬೆಳಕಿಗಷ್ಟೇ ಸರಿಹೊಂದುತ್ತದೆ. ಕೆಂಪು, ನೀಲಿ ಸ್ವಲ್ಪ ಉಳಿದುಬಿಡುತ್ತವೆ. ಹಳೆಯ ಕ್ಯಾಮೆರಾ ಲೆನ್ಸುಗಳ ಕೆನ್ನೇರಳೆ ಹೊಳಪು ಅದೇ. ಹಾಗಾಗಿ ಈಗ ಹಲವು ಪದರ ಹಾಕುತ್ತಾರೆ, ಒಂದು ಬಿಟ್ಟು ಒಂದರಂತೆ ಸಿಲಿಕಾ ಮತ್ತು ಟೈಟಾನಿಯಂ ಅಥವಾ ಜಿರ್ಕೋನಿಯಂ ಆಕ್ಸೈಡು. ಸಿಲಿಕಾ ಅಂದರೆ ನಮ್ಮ ಮರಳೇ. ಟೈಟಾನಿಯಂ ಆಕ್ಸೈಡು ಗೋಡೆಗೆ ಹೊಡೆಯುವ ಬಿಳಿ ಪೇಂಟಿನಲ್ಲಿರುವುದು. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನ್ ಹೊಡೆತಕ್ಕೆ ಇವು ಆವಿಯಾಗಿ ಮೇಲಿನ ಲೆನ್ಸುಗಳಿಗೆ ಅಂಟುತ್ತವೆ. ಪಕ್ಕದಲ್ಲೊಂದು ಕ್ವಾರ್ಟ್ಜ್ ಹರಳು ನಡುಗುತ್ತಿರುತ್ತದೆ. ಪದರ ಕೂತಷ್ಟೂ ಅದರ ನಡುಕ ನಿಧಾನವಾಗುತ್ತದೆ. ದಪ್ಪ ಅಳೆಯುವ ತಕ್ಕಡಿ ಅದೇ. ಇಷ್ಟಾದ ಮೇಲೂ ತಪ್ಪಿಸಿಕೊಂಡು ಬರುವ ಚೂರುಪಾರು ಬೆಳಕೇ ಆ ಹಸಿರು. ಅದು ನೀಲಿಯಾಗಿಯೋ ನೇರಳೆಯಾಗಿಯೋ ಕಾಣುವ ಹಾಗೂ ಪದರಗಳನ್ನು ಹೊಂದಿಸಬಹುದು.

ಒರೆಸುವ ಮುಂಚೆ ನೀರಲ್ಲಿ ತೊಳೆಯಿರಿ, ಧೂಳಿನ ಸಮೇತ ಪಂಚೆಯ ಅಂಚಿನಲ್ಲಿ ಉಜ್ಜಬೇಡಿ. ಇದನ್ನು ಎಲ್ಲರೂ ಹೇಳುತ್ತಾರೆ. ಬಿಸಿಲಿನ ವಿಷಯ ಹೇಳುವವರು ಕಡಿಮೆ. ಬಿಸಿಗೆ ಪ್ಲಾಸ್ಟಿಕ್ ಜಾಸ್ತಿ ಹಿಗ್ಗುತ್ತದೆ, ಮೇಲಿನ ಗಟ್ಟಿ ಪದರ ಅಷ್ಟು ಹಿಗ್ಗಲಾರದು. ಒಂದು ಏಪ್ರಿಲ್ ಮಧ್ಯಾಹ್ನ ನಾನು ಕನ್ನಡಕವನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಮದುವೆ ಊಟಕ್ಕೆ ಹೋಗಿದ್ದೆ. ರಾತ್ರಿ ವಾಪಸ್ ಬರುವಾಗ ಒಂದೊಂದು ಬೀದಿದೀಪದ ಸುತ್ತಲೂ ಮಬ್ಬು. ಮನೆಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಹಸಿರು ಟ್ಯೂಬು ಇತ್ತು, ಆದರೆ ಬೇಸಿಗೆಯ ಕೆರೆಯಂಗಳದ ಹಾಗೆ ಉದ್ದಕ್ಕೂ ಬಿರುಕು ಬಿಟ್ಟಿತ್ತು.