ಬುಲ್ಸ್‌ನ ಶ್ರೇಷ್ಠ ರಕ್ಷಣಾ ಆಟಗಾರ ಜೋರ್ಡನ್ನೋ, ಪಿಪ್ಪೆನ್ನೋ?

ಪ್ರಶ್ನೆ: ಷಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಇತಿಹಾಸದಲ್ಲಿ ರಕ್ಷಣಾ ಆಟದಲ್ಲಿ ಎಲ್ಲರಿಗಿಂತ ಮೇಲಿರುವವರು ಮೈಕಲ್ ಜೋರ್ಡನ್ ತಾನೇ? ‘ವರ್ಷದ ರಕ್ಷಣಾ ಆಟಗಾರ’ ಪ್ರಶಸ್ತಿಯನ್ನು ಒಮ್ಮೆಯೂ ಪಡೆಯದ ಸ್ಕಾಟಿ ಪಿಪ್ಪೆನ್ ಹೆಸರನ್ನು ಕೆಲವರು ಮೊದಲು ಹೇಳುವುದೇಕೆ?

ಉತ್ತರ: ಪ್ರಶಸ್ತಿಗಳನ್ನಷ್ಟೇ ಎಣಿಸುವುದಾದರೆ ವಾದಕ್ಕೆ ಅವಕಾಶವೇ ಇಲ್ಲ. 1987–88ರ ಋತುವಿನಲ್ಲಿ ಜೋರ್ಡನ್ ಅಮೆರಿಕದ ಎನ್‌ಬಿಎ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ್ದಲ್ಲದೆ 259 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), 131 ಬ್ಲಾಕ್‌ಗಳೊಂದಿಗೆ (ಬುಟ್ಟಿಯತ್ತ ಎಸೆದ ಚೆಂಡನ್ನು ತಡೆಯುವುದು) ರಕ್ಷಣಾ ಪ್ರಶಸ್ತಿಯನ್ನೂ ಪಡೆದರು. ಪ್ರತಿ ಋತುವಿನ ಅತ್ಯುತ್ತಮ ರಕ್ಷಣಾ ಆಟಗಾರರೆಂದು ಆಯ್ಕೆಯಾಗುವ ಲೀಗ್‌ನ ‘ಮೊದಲ ರಕ್ಷಣಾ ಐವರ’ ಪಟ್ಟಿಯಲ್ಲಿ ಅವರು ಒಂಬತ್ತು ಬಾರಿ ಸ್ಥಾನ ಪಡೆದರೆ, ಪಿಪ್ಪೆನ್ ಬುಲ್ಸ್‌ನಲ್ಲಿದ್ದಾಗ ಪಡೆದದ್ದು ಏಳು ಬಾರಿ. ಆದರೆ ಸ್ಟೀಲ್ ಎಣಿಸುವವರು ಆತಿಥೇಯ ತಂಡದ ಲೆಕ್ಕಿಗರು ಎಂಬುದನ್ನೂ, ಆ ಋತುವಿನಲ್ಲಿ ಜೋರ್ಡನ್ ಅವರ ಸ್ಟೀಲ್‌ಗಳು ಹೊರಗಿನ ಪಂದ್ಯಗಳಿಗಿಂತ ತವರಿನಲ್ಲಿ ಬಹಳ ಹೆಚ್ಚಿದ್ದವು ಎಂಬುದನ್ನೂ ಗಮನದಲ್ಲಿಡಬೇಕು.

ನನ್ನ ಮತ ಪಿಪ್ಪೆನ್‌ಗೆ. 1991ರ ಫೈನಲ್ಸ್‌ನ ಮೊದಲ ಪಂದ್ಯವನ್ನು ಎದುರಾಳಿ ಲೇಕರ್ಸ್ ತಂಡ ಗೆದ್ದಿತ್ತು. ಎರಡನೆಯದರಲ್ಲಿ ಜೋರ್ಡನ್ ಬೇಗನೆ ಫೌಲ್‌ಗಳಿಗೆ ಸಿಲುಕಿದಾಗ ಲೇಕರ್ಸ್‌ನ ಮ್ಯಾಜಿಕ್ ಜಾನ್ಸನ್ ಅವರನ್ನು ತಡೆಯುವ ಹೊಣೆ 203 ಸೆಂಟಿಮೀಟರ್ ಎತ್ತರದ ಪಿಪ್ಪೆನ್ ಹೆಗಲಿಗೆ ಬಿತ್ತು. ಚೆಂಡು ಆಟಕ್ಕೆ ಬಂದ ಕ್ಷಣದಿಂದಲೇ, ಅಂಕಣದ ಆ ತುದಿಯಿಂದಲೇ, ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು ಅವರು ಅಡ್ಡಗಟ್ಟುತ್ತಿದ್ದರು. ಹೀಗೆ ತಡೆದಾಗ ಎದುರಾಳಿ ಚೆಂಡನ್ನು ಮುಂದಕ್ಕೆ ತರುವಷ್ಟರಲ್ಲೇ ದಾಳಿಗೆ ಸಿಗುವ 24 ಸೆಕೆಂಡುಗಳಲ್ಲಿ ಒಂದಷ್ಟು ಸೋರಿಹೋಗಿರುತ್ತದೆ. ಇದು ಸ್ಟೀಲ್ ಅಲ್ಲ, ಬ್ಲಾಕೂ ಅಲ್ಲ. ಅಂಕಿಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಅಲ್ಲಿಂದ ಬುಲ್ಸ್ ಸತತ ನಾಲ್ಕು ಪಂದ್ಯ ಗೆದ್ದಿತು.

ಅಂಕಿಗೆ ಸಿಕ್ಕ ಕ್ಷಣವೊಂದೂ ಇದೆ. 1993ರ ಜೂನ್ 2ರಂದು ನ್ಯೂಯಾರ್ಕ್‌ನಲ್ಲಿ ನಿಕ್ಸ್ ವಿರುದ್ಧ ಬುಲ್ಸ್ ಒಂದೇ ಅಂಕದಿಂದ ಮುಂದಿತ್ತು. ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ನಿಕ್ಸ್‌ನ ಚಾರ್ಲ್ಸ್ ಸ್ಮಿತ್ ಬುಟ್ಟಿಯ ಕೆಳಗೇ ಚೆಂಡು ಹಿಡಿದು ಮತ್ತೆ ಮತ್ತೆ ಎತ್ತಿದರು. ಹೊರೇಸ್ ಗ್ರಾಂಟ್, ಜೋರ್ಡನ್, ಆಮೇಲೆ ಎರಡು ಬಾರಿ ಪಿಪ್ಪೆನ್ ತಡೆದರು. ಒಂದೂ ಒಳಗೆ ಹೋಗಲಿಲ್ಲ.

ಜೋರ್ಡನ್ ಪರವಾದ ಪ್ರಬಲ ಸಾಕ್ಷ್ಯ 1998ರ ಫೈನಲ್ಸ್‌ನ ಆರನೇ ಪಂದ್ಯ. ಎಲ್ಲರೂ ನೆನೆಯುವುದು ಅವರ ಕೊನೆಯ ಹೊಡೆತವನ್ನು; ಅದಕ್ಕೆ ಕೆಲವೇ ಸೆಕೆಂಡುಗಳ ಮೊದಲು ಬೆನ್ನ ಹಿಂದಿನಿಂದ ಬಂದು ಎದುರಾಳಿ ತಂಡದ ಕಾರ್ಲ್ ಮಲೋನ್ ಕೈಯಿಂದ ಚೆಂಡನ್ನು ತಟ್ಟಿ ಕಸಿದದ್ದೇ ನನಗೆ ಹೆಚ್ಚು ದೊಡ್ಡದೆನಿಸುತ್ತದೆ. ಆದರೂ ಅಂಕ ಗಳಿಕೆಯ ಹೊರೆಯನ್ನೂ ಹೊತ್ತ ಜೋರ್ಡನ್ ಪ್ರತಿ ರಾತ್ರಿಯೂ ಎದುರಾಳಿಯ ಕಠಿಣ ಆಟಗಾರನ ಬೆನ್ನು ಹತ್ತಬೇಕಾಗದಂತೆ ನೋಡಿಕೊಂಡವರು ಪಿಪ್ಪೆನ್ ಎಂಬುದು ತೂಕದ ಮಾತು.

ಇನ್ನು ಉಳಿದ ಬುಲ್ಸ್ ಆಟಗಾರರಲ್ಲಿ, ಡೆನ್ನಿಸ್ ರಾಡ್ಮನ್ ಅವರ ಎರಡೂ ರಕ್ಷಣಾ ಪ್ರಶಸ್ತಿಗಳು ಡೆಟ್ರಾಯಿಟ್‌ನಲ್ಲಿದ್ದಾಗ ಬಂದವು, ಬುಲ್ಸ್‌ಗೆ ಅವರು ಆಡಿದ್ದು ಮೂರೇ ಋತು. 2014ರಲ್ಲಿ ಪ್ರಶಸ್ತಿ ಪಡೆದ ಜೋಕಿಮ್ ನೋವಾ ಅವರನ್ನು ಬುಲ್ಸ್ ಇತಿಹಾಸದ ಐದು ಶ್ರೇಷ್ಠ ರಕ್ಷಣಾ ಆಟಗಾರರಲ್ಲಿ ಸೇರಿಸಬಹುದು. ಮೂರನೆಯ ಸ್ಥಾನವನ್ನು ಮಾತ್ರ ನಾನು ಜೆರ್ರಿ ಸ್ಲೋನ್‌ಗೆ ಮೀಸಲಿಡುತ್ತೇನೆ. ನಾರ್ಮ್ ವ್ಯಾನ್ ಲಿಯರ್ ಜತೆಗೂಡಿ ಎದುರಾಳಿಗಳನ್ನು ಕಾಡಿದ ಈ ಗಾರ್ಡ್ ನಾಲ್ಕು ಬಾರಿ ಮೊದಲ ರಕ್ಷಣಾ ಐವರಲ್ಲಿದ್ದರು. ಬುಲ್ಸ್ ಮೊತ್ತಮೊದಲು ನಿವೃತ್ತಿಗೊಳಿಸಿದ ಜರ್ಸಿ ಅವರ 4ನೇ ಸಂಖ್ಯೆಯದು. ಎನ್‌ಬಿಎ ಸ್ಟೀಲ್‌ಗಳನ್ನು ಎಣಿಸಲಾರಂಭಿಸಿದ್ದು 1973–74ರಲ್ಲಾದ್ದರಿಂದ, ಬುಲ್ಸ್‌ನಲ್ಲಿ ಅವರು ಆಡಿದ ಮೊದಲ ಏಳು ಋತುಗಳಲ್ಲಿ ಕಸಿದ ಚೆಂಡುಗಳು ಯಾವ ಪಟ್ಟಿಯಲ್ಲೂ ಇಲ್ಲ.