ಮಧ್ಯಾಹ್ನ ಡ್ರಮ್ ಏರಿದರೆ ಗ್ಯಾಸ್ ಹೆಚ್ಚಾಯಿತೇ?

ಕುಂದಗೋಳ, ಕಲಘಟಗಿ ಕಡೆ ಹಿತ್ತಲಲ್ಲಿ ತೇಲುವ ಡ್ರಮ್ಮಿನ ಗೋಬರ್ ಗ್ಯಾಸ್ ಇಟ್ಟುಕೊಂಡವರು ಡ್ರಮ್ಮಿನ ಎತ್ತರ ನೋಡಿಯೇ ಗ್ಯಾಸ್ ಅಳೆಯುತ್ತಾರೆ. ಮಧ್ಯಾಹ್ನ ಅದು ನಾಲ್ಕಾರು ಬೆರಳು ಏರಿದ್ದರೆ, ಆ ಏರಿಕೆಯಲ್ಲಿ ಬಹಳಷ್ಟು ಬರೀ ಬಿಸಿಲಿನ ಹಿಗ್ಗು.

ಡ್ರಮ್ಮಿನೊಳಗಿನ ಒತ್ತಡ ಹೊರಗಿನ ಗಾಳಿ ಮತ್ತು ಡ್ರಮ್ಮಿನ ತೂಕದಿಂದ ಬರುತ್ತದೆ. ಎರಡೂ ದಿನವಿಡೀ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಚಾರ್ಲ್ಸ್ ನಿಯಮ ಇಲ್ಲಿ ನಡೆಯುತ್ತದೆ: ಗಾತ್ರ ಕೆಲ್ವಿನ್ ಉಷ್ಣತೆಯ (ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದ್ದು) ಪ್ರಮಾಣದಲ್ಲಿ ಹಿಗ್ಗುತ್ತದೆ. ಡ್ರಮ್ ಚೌಕಟ್ಟಿಗೆ ಸಿಕ್ಕಿಕೊಂಡರೆ ಲೆಕ್ಕ ಕೆಡುತ್ತದೆ. ಗುಮ್ಮಟ ಅಲುಗದ ದೀನಬಂಧು ಮಾದರಿಗೆ ಇದು ಹೊಂದದು. ಅಲ್ಲಿ ಒತ್ತಡವೇ ಏರಿಳಿಯುತ್ತದೆ.

ಬೆಳಿಗ್ಗೆ 20 ಡಿಗ್ರಿಯಲ್ಲಿ 1000 ಲೀಟರ್ ಇತ್ತೆನ್ನಿ. ಮಧ್ಯಾಹ್ನ ಒಳಗಿನ ಗ್ಯಾಸ್ 40 ಡಿಗ್ರಿಗೆ ಕಾಯ್ದಿದೆ. ಎರಡಕ್ಕೂ 273 ಕೂಡಿಸಿ: 293, 313. 1000 × 313 ÷ 293 = 1068 ಲೀಟರ್. 1.2 ಮೀಟರ್ ವ್ಯಾಸದ ಡ್ರಮ್ಮಿಗೆ ಈ 68 ಲೀಟರ್ ಅಂದರೆ 6 ಸೆಂ.ಮೀ. ಏರಿಕೆ. 273 ಕೂಡಿಸದೆ 40 ÷ 20 ಮಾಡಿದವರಿಗೆ 2000 ಲೀಟರ್ ಬರುತ್ತದೆ. ಪರೀಕ್ಷೆಯಲ್ಲೂ ಮಕ್ಕಳು ಎಡವುವುದು ಇಲ್ಲೇ. ಇನ್ನೊಂದು ತಪ್ಪು, ನೆರಳಿನ ಉಷ್ಣತೆ ಹಿಡಿಯುವುದು. ಬಿಸಿಲು ಕುಡಿದ ಕಬ್ಬಿಣದ ಡ್ರಮ್ಮಿನೊಳಗೆ ಅದಕ್ಕಿಂತ ಬಿಸಿ ಇರುತ್ತದೆ. ಬೇಕಾದದ್ದು ಗ್ಯಾಸಿನ ಉಷ್ಣತೆ.

ಸೆಗಣಿ ರಾಡಿಯ ಮೇಲಿನ ಗ್ಯಾಸ್ ಒಣಗಿದ್ದಲ್ಲ ಎಂಬುದು ಪಠ್ಯದ ಲೆಕ್ಕದಲ್ಲಿ ಬರುವುದಿಲ್ಲ. ನೀರಾವಿಯ ಒತ್ತಡ 20 ಡಿಗ್ರಿಯಲ್ಲಿ 2.3 ಕಿಲೋಪ್ಯಾಸ್ಕಲ್, 40ರಲ್ಲಿ 7.4. ಧಾರವಾಡದ ಎತ್ತರದಲ್ಲಿ ಗಾಳಿ ಮತ್ತು ಡ್ರಮ್ ಸೇರಿ ಒಟ್ಟು ಒತ್ತಡ ಸುಮಾರು 93. ಅದರಲ್ಲಿ ಆವಿಯ ಪಾಲು ಕಳೆದರೆ ಉಳಿದ ಗ್ಯಾಸಿಗೆ ಬೆಳಿಗ್ಗೆ 90.7, ಮಧ್ಯಾಹ್ನ 85.6. ಆವಿ ಪೂರ್ತಿ ತುಂಬಿಕೊಂಡರೆ 1068ನ್ನು 90.7 ÷ 85.6ರಿಂದ ಗುಣಿಸಬೇಕು: 1132 ಲೀಟರ್, ಏರಿಕೆ ಹತ್ತಿರಹತ್ತಿರ 12 ಸೆಂ.ಮೀ. ರಾಡಿ ಅಷ್ಟು ಬೇಗ ಕಾಯುವುದಿಲ್ಲವಾದ್ದರಿಂದ ನಿಜವಾದ ಏರಿಕೆ ಸಾಮಾನ್ಯವಾಗಿ 6 ಮತ್ತು 12ರ ನಡುವೆ ಬೀಳುತ್ತದೆ. ಉರಿಯುವ ಮೀಥೇನ್ ಮಾತ್ರ ಈ ಹಿಗ್ಗಿನಿಂದ ಒಂದು ಹನಿಯಷ್ಟೂ ಹೆಚ್ಚದು.

ಆದ್ದರಿಂದ ದಿನದ ಉತ್ಪಾದನೆ ಹೋಲಿಸುವವರು ಪ್ರತಿದಿನ ಬಿಸಿಲೇರುವ ಮುಂಚೆ, ಒಂದೇ ಹೊತ್ತಿಗೆ ಎತ್ತರ ಬರೆದಿಡಿ. ಮಧ್ಯಾಹ್ನವೇ ಅಳೆಯಬೇಕಾದರೆ ಗಾತ್ರವನ್ನು 293ರಿಂದ ಗುಣಿಸಿ, ಗ್ಯಾಸಿನ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿ; ನೀರಾವಿಯ ಹಿಗ್ಗು ಮಾತ್ರ ಇದರಲ್ಲಿ ಕಳೆಯುವುದಿಲ್ಲ. ಬೆಳಿಗ್ಗೆಯೇ ಡ್ರಮ್ ತುದಿ ಮುಟ್ಟಿದ್ದರೆ ಒಲೆ ಹಚ್ಚಿ 12 ಸೆಂ.ಮೀ. ಇಳಿಸಿಡಿ, ಇಲ್ಲವಾದರೆ ಹಿಗ್ಗಿದ ಗ್ಯಾಸ್ ಅಂಚಿನಿಂದ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಅದರೊಂದಿಗೆ ಮೀಥೇನೂ.